ಒಂದೇ ಹಲ್ಲಿಗೆ ಎರಡು ಕಾಯಿಲೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಅಡಿಕೆ ತೋಟದ ಮನೆಗಳಲ್ಲಿ ಊಟವಾದೊಡನೆ ಕವಳದ ತಟ್ಟೆ ಮುಂದೆ ಬರುವುದು ವಾಡಿಕೆ. ಕೆಲವರು ಅದಕ್ಕೆ ಹೊಗೆಸೊಪ್ಪನ್ನೂ ಸೇರಿಸುತ್ತಾರೆ. ಅಂಥವರೊಬ್ಬರಿಗೆ ದವಡೆಹಲ್ಲು ನೋಯತೊಡಗಿತು ಎಂದಿಟ್ಟುಕೊಳ್ಳಿ. ಕೆಲವು ದಿನಗಳಲ್ಲಿ ನೋವು ತಾನಾಗಿ ನಿಂತಿತು. ವಾಸಿಯಾಯಿತೆಂದು ಸುಮ್ಮನಾದರು. ತಿಂಗಳುಗಳು ಕಳೆದ ಮೇಲೆ ಅದೇ ಹಲ್ಲಿನ ವಸಡು ಊದಿ ಕೀವು ಬಂತು. ಇದು ಹಲ್ಲಿನ ರೋಗವೋ, ವಸಡಿನದೋ?

ಹಲ್ಲಿನ ನಡುವೆ ಮೃದುವಾದ ತಿರುಳಿದೆ. ಅದರ ನರ, ರಕ್ತನಾಳಗಳು ಬೇರಿನ ತುದಿಯ ಸಣ್ಣ ರಂಧ್ರದಿಂದ ಒಳಹೋಗುತ್ತವೆ. ಬೇರಿನ ಪಕ್ಕದಲ್ಲೂ, ದವಡೆಹಲ್ಲಿನ ಬೇರುಗಳು ಕವಲೊಡೆಯುವಲ್ಲೂ ಕೆಲವೊಮ್ಮೆ ಕಿರುನಾಳಗಳಿರುತ್ತವೆ. ಬೇರನ್ನು ಮೂಳೆಗೆ ಬಿಗಿದಿರುವ ನಾರಿನ ಪೊರೆಯ ದಪ್ಪ ಸುಮಾರು 0.2 ಮಿ.ಮೀ. ಮಾತ್ರ. ಎರಡು ತೋಟಗಳ ನಡುವಿನ ಬಸಿಗಾಲುವೆಯಂತೆ ಈ ದಾರಿಗಳಲ್ಲಿ ಒಂದು ಕಡೆಯ ಕೊಳೆ ಇನ್ನೊಂದು ಕಡೆಗೆ ಹರಿಯುತ್ತದೆ.

ಹುಳುಕು ತಿರುಳನ್ನು ಮುಟ್ಟಿದಾಗ ವಿಪರೀತ ನೋವು. ತಿರುಳು ಸತ್ತರೆ ನೋವು ನಿಲ್ಲುತ್ತದೆ, ಸೋಂಕು ನಿಲ್ಲುವುದಿಲ್ಲ. ಕೀವು ಬೇರಿನ ತುದಿಯಿಂದ ಹೊರಬಂದು, ಪೊರೆಯ ಗುಂಟ ಮೇಲೇರಿ, ವಸಡಿನ ಅಂಚಿನಲ್ಲಿ ಕಾಣಿಸಿಕೊಳ್ಳಬಹುದು. ನೋಡುವವರಿಗೆ ಅದು ವಸಡಿನ ರೋಗವೇ!

ಇದರ ತಿರುವುಮುರುವೂ ಉಂಟು. ಆರೋಗ್ಯವಂತ ವಸಡಿನ ಸಂದಿಯ ಆಳ 1ರಿಂದ 3 ಮಿ.ಮೀ. ಕೊಳೆ ಕಲ್ಲಿನಂತೆ ಗಟ್ಟಿಯಾಗಿ ಕೂತರೆ ವಸಡು ಬಿಟ್ಟುಕೊಂಡು ಸಂದಿ ಆಳವಾಗುತ್ತದೆ, ಮೂಳೆ ಕರಗುತ್ತದೆ. ಸೋಂಕು ಬೇರಿನ ತುದಿಯನ್ನು ಮುಟ್ಟಿದರೆ, ಹುಳುಕೇ ಇಲ್ಲದ ಹಲ್ಲಿನ ತಿರುಳೂ ಸಾಯಬಹುದು.

ಕವಳ ಈ ಎರಡೂ ಬಾಗಿಲುಗಳನ್ನು ತೆರೆಯುತ್ತದೆ. ಅಡಿಕೆ ಜಗಿದು ಜಗಿದು ಎನಾಮೆಲ್ ಸವೆಯುತ್ತದೆ; ಹೊಗೆಸೊಪ್ಪು ಇಟ್ಟ ಕಡೆ ವಸಡು ಜಾರಿ ಬೇರು ಬಯಲಾಗುತ್ತದೆ.

ರೋಗ ಎಲ್ಲಿ ಹುಟ್ಟಿತೆಂಬುದರ ಮೇಲೆ ಇವುಗಳನ್ನು ವಿಂಗಡಿಸಿದವರು ಸೈಮನ್, ಗ್ಲಿಕ್ ಮತ್ತು ಫ್ರಾಂಕ್, 1972ರಲ್ಲಿ. 2018ರಲ್ಲಿ ಪ್ರಕಟವಾದ ಹೊಸ ವರ್ಗೀಕರಣ ಬೇರು ಬಿರಿದಿದೆಯೇ, ವಸಡಿನ ರೋಗ ಮೊದಲೇ ಇದೆಯೇ ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತದೆ. ವೈದ್ಯರು ಹಲ್ಲಿಗೆ ತಣ್ಣನೆಯ ವಸ್ತು ತಾಗಿಸಿ ತಿರುಳು ಜೀವಂತವಾಗಿದೆಯೇ ಎಂದು ನೋಡುತ್ತಾರೆ. ಸಂದಿಯ ಆಳ ಅಳೆದು ಎಕ್ಸ್‌ರೇ ತೆಗೆಯುತ್ತಾರೆ. ಮೂಲ ತಿರುಳಿನಲ್ಲಿದ್ದರೆ ರೂಟ್ ಕೆನಾಲ್ ಚಿಕಿತ್ಸೆಯೊಂದರಿಂದಲೇ ವಸಡೂ ಗುಣವಾಗಬಹುದು. ಎರಡೂ ಕೆಟ್ಟಿದ್ದರೆ ಸಾಮಾನ್ಯವಾಗಿ ರೂಟ್ ಕೆನಾಲ್ ಮೊದಲು, ವಸಡಿನ ಆಳವಾದ ಚಿಕಿತ್ಸೆ ಆಮೇಲೆ. ಆಗ ಹಲ್ಲು ಉಳಿಯುವುದು ಎಷ್ಟು ಮೂಳೆ ಉಳಿದಿದೆ ಎಂಬುದನ್ನು ಅವಲಂಬಿಸಿದೆ.

ಆದ್ದರಿಂದ ತಂದೆತಾಯಿಗಳೇ, ಮಕ್ಕಳ ಹಲ್ಲುನೋವು ತಾನಾಗಿ ನಿಂತರೆ ನೆಮ್ಮದಿಪಡಬೇಡಿ. ಹಲ್ಲುಜ್ಜುವಾಗ ರಕ್ತ ಬಂದರೆ ಉಜ್ಜುವುದನ್ನು ಬಿಡಬೇಡಿ, ದಂತವೈದ್ಯರಿಗೆ ತೋರಿಸಿ. ರಾತ್ರಿ ಮಲಗುವ ಮುನ್ನ ಮಕ್ಕಳೊಡನೆ ನೀವೂ ಹಲ್ಲುಜ್ಜಿ. ಕವಳದ ತಟ್ಟೆ ಪಕ್ಕಕ್ಕೆ ಸರಿಸುವುದನ್ನೂ ಅವರು ನಿಮ್ಮನ್ನು ನೋಡಿಯೇ ಕಲಿಯಬೇಕು.