ಬ್ರೇಕಿಗೆ ಕೀಲೆಣ್ಣೆ ಬಿಡಬಹುದೇ?

"ಸಾ, ನಿಮ್ ಕಾರು ಹಂದಿಮರಿ ಕಿರುಚ್ದಂಗೆ ಕಿರುಚ್ತದೆ. ವಸಿ ಕೀಲೆಣ್ಣೆ ಬುಡ್ಸಿ, ಸರಿಹೋಯ್ತದೆ."

ಒಂಬತ್ತನೇ ತರಗತಿಯ ಹುಡುಗನೊಬ್ಬ ಶಾಲೆಯ ಗೇಟಿನ ಹತ್ತಿರ ನನಗೆ ಕೊಟ್ಟ ಸಲಹೆ ಇದು. ಅವನ ತಾತನ ಮನೆಯಲ್ಲಿ ಎತ್ತಿನ ಗಾಡಿ ಇದೆ. ಅಚ್ಚು ಕಿರುಗುಟ್ಟಿದರೆ ಕೀಲೆಣ್ಣೆ ಬಿಡುತ್ತಾರೆ, ಸದ್ದು ನಿಲ್ಲುತ್ತದೆ. ಅವನು ಕಂಡದ್ದನ್ನೇ ಹೇಳಿದ. ಆದರೆ ಮಕ್ಕಳೇ, ಬ್ರೇಕಿಗೆ ಎಣ್ಣೆ ಬಿಟ್ಟುಕೊಂಡು ನಮ್ಮ ತಾಳವಾಡಿ ಕಡೆಯಿಂದ ಹೊರಟು ದಿಂಬಂ ಘಾಟಿಯ 27 ತಿರುವು ಇಳಿದರೆ ಏನಾದೀತು, ಸ್ವಲ್ಪ ಯೋಚಿಸಿ.

ಗಾಡಿಯ ಅಚ್ಚಿನಲ್ಲಿ ಘರ್ಷಣೆ ನಮಗೆ ಬೇಡ. ಬ್ರೇಕಿನಲ್ಲಿ ಘರ್ಷಣೆಯೇ ಕೆಲಸಗಾರ. ಕಾರಿನ ಮುಂದಿನ ಚಕ್ರದ ಜೊತೆ ಒಂದು ಕಬ್ಬಿಣದ ತಟ್ಟೆ ತಿರುಗುತ್ತಿರುತ್ತದೆ, ಅದೇ ಡಿಸ್ಕ್. ಪೆಡಲ್ ಒತ್ತಿದಾಗ ಕ್ಯಾಲಿಪರ್ ಎಂಬ ಹಿಡಿಕೆ ಎರಡು ಪ್ಯಾಡುಗಳನ್ನು ಆ ತಟ್ಟೆಯ ಎರಡೂ ಕಡೆಯಿಂದ ಅದುಮುತ್ತದೆ. ಕಾರಿನ ಚಲನಶಕ್ತಿ ಅಲ್ಲಿ ಶಾಖವಾಗುತ್ತದೆ. ಪ್ಯಾಡಿನ ಮುಖಕ್ಕೆ ಎಣ್ಣೆಯೋ ಗ್ರೀಸೋ ತಾಗಿದರೆ ಸದ್ದು ಹೋಗಬಹುದು, ಜೊತೆಗೆ ಬ್ರೇಕೂ ಹೋಗುತ್ತದೆ. ಎಣ್ಣೆ ಕುಡಿದ ಪ್ಯಾಡನ್ನು ಒರೆಸಿ ಮತ್ತೆ ಹಾಕುವಂತಿಲ್ಲ, ಬಿಸಾಡಬೇಕು.

ಹಾಗಾದರೆ ಆ ಕಿರುಚಾಟ ಎಲ್ಲಿಂದ ಬರುತ್ತದೆ? ನಿಮ್ಮ ತರಗತಿಯಲ್ಲೇ ಇದೆ ಉತ್ತರ. ಕಪ್ಪು ಹಲಗೆಯ ಮೇಲೆ ಉದ್ದನೆಯ ಸೀಮೆಸುಣ್ಣವನ್ನು ಒಂದು ಕೋನದಲ್ಲಿ ಹಿಡಿದು ಮುಂದಕ್ಕೆ ತಳ್ಳಿ. ಕೀಂಯ್ ಅನ್ನುತ್ತದೆ, ಹಿಂದಿನ ಬೆಂಚಿನವರು ಕಿವಿ ಮುಚ್ಚಿಕೊಳ್ಳುತ್ತಾರೆ. ಸುಣ್ಣ ಹಲಗೆಗೆ ಒಂದು ಕ್ಷಣ ಅಂಟಿಕೊಳ್ಳುತ್ತದೆ, ಮರುಕ್ಷಣ ಜಾರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೀಗಾದರೆ ಅದೇ ಸದ್ದು. ಬ್ರೇಕಿನಲ್ಲಿ ಪ್ಯಾಡು ಹೀಗೆ ಅಂಟಿ ಜಾರುವಾಗ ಡಿಸ್ಕು ಊಟದ ತಟ್ಟೆಯ ಹಾಗೆ ಕಂಪಿಸುತ್ತದೆ. ಸ್ಟೀಲ್ ತಟ್ಟೆಯನ್ನು ಬಡಿದು ಅಂಚಿಗೆ ಬೆರಳಿಟ್ಟರೆ ಸದ್ದು ಸಾಯುತ್ತದಲ್ಲ, ಅದೇ ಕೆಲಸ ಮಾಡಲು ಪ್ಯಾಡಿನ ಬೆನ್ನಿಗೆ ಶಿಮ್ ಎಂಬ ತೆಳು ಹಾಳೆ ಇರುತ್ತದೆ. ಅದು ಕಳಚಿಹೋಗಿದ್ದರೆ ಒಳ್ಳೆಯ ಪ್ಯಾಡೂ ಕಿರುಚುತ್ತದೆ.

ಎಲ್ಲ ಸದ್ದಿಗೂ ಗಾಬರಿಯಾಗಬೇಕಿಲ್ಲ. ರಾತ್ರಿ ಇಬ್ಬನಿ ಬಿದ್ದ ಬೆಳಿಗ್ಗೆ ಡಿಸ್ಕಿನ ಮೇಲೆ ತೆಳ್ಳಗೆ ತುಕ್ಕು ಕೂತಿರುತ್ತದೆ, ನಾಲ್ಕು ಸಲ ಬ್ರೇಕ್ ಒತ್ತಿದರೆ ಉಜ್ಜಿಹೋಗುತ್ತದೆ. ಬ್ರೇಕ್ ಒತ್ತದಿದ್ದರೂ ಒಂದೇ ಸಮ ಸರ್ ಸರ್ ಅಂದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಕಲ್ಲುರಸ್ತೆಯಲ್ಲಿ ಓಡಾಡುವ ನಮಗೆ ಇದು ಮಾಮೂಲು. ಹಳ್ಳ ಹಾರಿದಾಗ ಟಕ್ ಟಕ್ ಅಂದರೆ ಪ್ಯಾಡೋ ಕ್ಯಾಲಿಪರೋ ಸಡಿಲವಾಗಿದೆಯಾ ನೋಡಿಸಬೇಕು. ದಿನವಿಡೀ ಹೋಗದ ಸಣ್ಣ ಕೀರಲು ಸದ್ದು ಮಾತ್ರ ಬೇರೆ. ಹಲವು ಪ್ಯಾಡುಗಳಲ್ಲಿ ಒಂದು ಉಕ್ಕಿನ ನಾಲಿಗೆಯನ್ನು ಬೇಕೆಂದೇ ಇಟ್ಟಿರುತ್ತಾರೆ. ಪ್ಯಾಡು ಸವೆದು ಸುಮಾರು 2–3 ಮಿ.ಮೀ. ಉಳಿದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೂಗುತ್ತದೆ. ಆಮೇಲೂ ಓಡಿಸಿದರೆ ಕೊನೆಗೆ ಗರಗರ ಶುರುವಾಗುತ್ತದೆ. ಅಂದರೆ ಪ್ಯಾಡು ಮುಗಿದು, ಅದರ ಹಿಂದಿನ ಉಕ್ಕಿನ ಪಟ್ಟಿ ಕಬ್ಬಿಣದ ಡಿಸ್ಕನ್ನು ಕೆರೆಯುತ್ತಿದೆ.

ವಿಜ್ಞಾನದ ಮೇಷ್ಟ್ರು ನಾನು, ಇದೆಲ್ಲ ಗೊತ್ತಿತ್ತು. ಆದರೂ ಕಿರುಚಾಟವನ್ನು ಎರಡು ವಾರ ಇಬ್ಬನಿಯ ಲೆಕ್ಕಕ್ಕೆ ಬರೆದೆ. ಒಮ್ಮೆ ಚಕ್ರದ ಸಂದಿಯಲ್ಲಿ ಟಾರ್ಚ್ ಬಿಟ್ಟೂ ನೋಡಿದ್ದೆ. ಹೊರಗಿನ ಪ್ಯಾಡಿನಲ್ಲಿ ಇನ್ನೂ 4 ಮಿ.ಮೀ. ಇದ್ದ ಹಾಗಿತ್ತು, ಸುಮ್ಮನಾದೆ. ಒಂದು ಶನಿವಾರ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಸತ್ಯಮಂಗಲಕ್ಕೆ ಕರೆದುಕೊಂಡು ಹೊರಟೆ. ಮುಂದೆ ಕಬ್ಬಿನ ಲಾರಿ, ಹಿಂದೆ ಬಸ್ಸು. ಅರ್ಧ ಘಾಟಿ ಇಳಿಯುವಷ್ಟರಲ್ಲಿ ಕೀರಲು ಸದ್ದು ಗರಗರವಾಯಿತು, ಸುಟ್ಟ ವಾಸನೆ ಬಂತು, ಪೆಡಲನ್ನು ಮೊದಲಿಗಿಂತ ಜೋರಾಗಿ ಒತ್ತಬೇಕಾಯಿತು. "ಏನಪ್ಪಾ ಇದು ವಾಸನೆ?" ಅಂತ ಅಮ್ಮ ಕೇಳಿದರು. ನನ್ನ ಬಾಯಿಂದ ಮಾತೇ ಹೊರಡಲಿಲ್ಲ.

ಜಾಗ ಸಿಕ್ಕಲ್ಲಿ ನಿಲ್ಲಿಸಿ ಕಲ್ಲು ಕೊಟ್ಟೆ. ಲಾರಿಯ ಕ್ಲೀನರ್ ಒಬ್ಬ ನೀರಿನ ಕ್ಯಾನ್ ಹಿಡಿದು ಬಂದ, ಬೇಡ ಎಂದೆ. ಕೆಂಡದಂತೆ ಕಾದ ಡಿಸ್ಕಿಗೆ ತಣ್ಣೀರು ಹೊಯ್ದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು. ಮುಕ್ಕಾಲು ಗಂಟೆ ಕಾದು, ಆಮೇಲೆ ಮೊದಲನೇ ಗೇರಿನಲ್ಲೇ ನಿಧಾನಕ್ಕೆ ಇಳಿದೆವು.

ಆ ಶಾಖ ಎಷ್ಟು ಅಂತ ಆಮೇಲೆ ಹಲಗೆಯ ಮೇಲೆ ಲೆಕ್ಕ ಹಾಕಿಸಿದೆ. 1000 ಕೆ.ಜಿ. ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ನಿಂತರೆ ಸುಮಾರು 1.4 ಲಕ್ಷ ಜೂಲ್. ಅದೇ ಕಾರು 100 ಮೀಟರ್ ಎತ್ತರ ಇಳಿದರೆ ಕಳೆದುಕೊಳ್ಳುವ ಪ್ರಚ್ಛನ್ನ ಶಕ್ತಿ 9.8 ಲಕ್ಷ ಜೂಲ್, ಅಂದರೆ ಏಳು ಪಟ್ಟು. ಇದೆಲ್ಲ ಬ್ರೇಕಿನ ತಲೆಗೇ ಬಂದರೆ ಸುಮಾರು 3 ಲೀಟರ್ ತಣ್ಣೀರು ಕುದಿಬಿಂದು ಮುಟ್ಟುವಷ್ಟು ಶಾಖ! ದಿಂಬಂ ಘಾಟಿಯಲ್ಲಿ ಇಂಥ 100 ಮೀಟರ್‌ಗಳು ಎಷ್ಟೋ ಇವೆ. ಚಿಕ್ಕ ಗೇರಿನಲ್ಲಿ ಇಳಿಯಿರಿ ಎಂದು ಹೇಳುವುದು ಇದಕ್ಕೇ. ಆ ಭಾರದಲ್ಲಿ ಒಂದು ಪಾಲನ್ನು ಎಂಜಿನ್ ಹೊರುತ್ತದೆ.

ಗ್ಯಾರೇಜಿನಲ್ಲಿ ಚಕ್ರ ಬಿಚ್ಚಿದಾಗ ಗುಟ್ಟು ಬಯಲಾಯಿತು. ಎಡಗಡೆಯ ಒಳಗಿನ ಪ್ಯಾಡು ಉಕ್ಕಿನವರೆಗೆ ಸವೆದಿತ್ತು, ಹೊರಗಿನದು ಹಾಗೇ ಇತ್ತು. ಕ್ಯಾಲಿಪರ್ ಅತ್ತಿತ್ತ ಸರಿಯಲು ಎರಡು ಪಿನ್ನುಗಳಿವೆ. ಅವು ಒಣಗಿ ಹಿಡಿದುಕೊಂಡಿದ್ದವು. ಕ್ಯಾಲಿಪರ್ ಸರಿಯದೆ ಒತ್ತಡವೆಲ್ಲ ಒಳಗಿನ ಪ್ಯಾಡಿನ ಮೇಲೇ ಬಿದ್ದಿತ್ತು. ಆ ಪಿನ್ನುಗಳಿಗೆ ಹಚ್ಚಲು ಶಾಖ ತಾಳುವ ಬೇರೆಯೇ ಗ್ರೀಸ್ ಇದೆ. ಹಾಗೆ ನೋಡಿದರೆ ನಮ್ಮ ಹುಡುಗ ಅರ್ಧ ಸರಿ! ಬ್ರೇಕಿನಲ್ಲೂ ಕೀಲೆಣ್ಣೆಗೊಂದು ಜಾಗ ಇದೆ, ಪ್ಯಾಡಿನ ಮುಖ ಮಾತ್ರ ಅಲ್ಲ. ಡಿಸ್ಕಿನಲ್ಲಿ ಉಗುರು ಸಿಕ್ಕುವಷ್ಟು ಗೆರೆ ಬಿದ್ದಿದ್ದರಿಂದ ಅದನ್ನೂ ಬದಲಿಸಬೇಕಾಯಿತು. ಎರಡು ವಾರದ ಸೋಮಾರಿತನಕ್ಕೆ ದಂಡ.

ಬಿಡಿಭಾಗದ ಅಂಗಡಿಯವರು ಮೂರು ಪೊಟ್ಟಣ ಮುಂದಿಟ್ಟರು. ಆರ್ಗ್ಯಾನಿಕ್ ಪ್ಯಾಡು ಮೃದು, ಸದ್ದು ಕಡಿಮೆ, ಬೆಲೆಯೂ ಕಡಿಮೆ. ಆದರೆ ಬೇಗ ಸವೆಯುತ್ತದೆ, ಹೆಚ್ಚು ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಸೆಮಿ ಮೆಟಾಲಿಕ್‌ನಲ್ಲಿ ಲೋಹದ ಪುಡಿ, ಎಳೆಗಳಿವೆ. ಶಾಖ ತಾಳುತ್ತದೆ, ಸ್ವಲ್ಪ ಗಲಾಟೆ ಜಾಸ್ತಿ, ಡಿಸ್ಕನ್ನೂ ಸವೆಸುತ್ತದೆ. ಸೆರಾಮಿಕ್ ಮೌನಿ, ಧೂಳೂ ಕಡಿಮೆ, ಬೆಲೆ ಜಾಸ್ತಿ. ಕೆಲವು ಪ್ಯಾಡುಗಳ ಅಂಚಿನಲ್ಲಿ ಎಫ್ಎಫ್, ಎಫ್ಇ ಎಂಬಂತೆ ಎರಡು ಅಕ್ಷರ ಇರುತ್ತದೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿ, ಎರಡನೆಯದು ಚೆನ್ನಾಗಿ ಕಾದಾಗ ಇರುವ ಘರ್ಷಣಾಂಕ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45. ಘಾಟಿಯವರು ನೋಡಬೇಕಾದ್ದು ಎರಡನೆಯ ಅಕ್ಷರ. ಊರೊಳಗೇ ಓಡಾಡುವವರಿಗೆ ಮೊದಲನೇ ಪೊಟ್ಟಣವೇ ಸಾಕು ಅಂತ ನನ್ನ ಅಭಿಪ್ರಾಯ. ನಾನು ನನ್ನ ಕಾರಿನ ಮಾದರಿಗೇ ಹೊಂದುವ, ಎಫ್ಎಫ್ ಎಂದಿದ್ದ ಸೆಮಿ ಮೆಟಾಲಿಕ್ ತೆಗೆದುಕೊಂಡೆ. ಎಡಕ್ಕೆ ಮಾತ್ರವಲ್ಲ, ಬಲಕ್ಕೂ ಹಾಕಿಸಿದೆ. ಒಂದೇ ಕಡೆ ಹೊಸತಾದರೆ ಬ್ರೇಕ್ ಒತ್ತಿದಾಗ ಕಾರು ಪಕ್ಕಕ್ಕೆ ಎಳೆಯಬಹುದು.

ಹೊಸ ಪ್ಯಾಡು ಹಾಕಿದ ಕೂಡಲೇ ಘಾಟಿಗೆ ಇಳಿಯಬಾರದು. ಸಮತಟ್ಟಾದ ರಸ್ತೆಯಲ್ಲಿ ಇಪ್ಪತ್ತು ಮೂವತ್ತು ಸಲ ಹದವಾಗಿ ಬ್ರೇಕ್ ಒತ್ತಿ, ನಡುವೆ ಆರಲು ಬಿಟ್ಟು, ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳುವಂತೆ ಮಾಡಬೇಕು. ಇನ್ನೊಂದು ಮಾತು: ಗ್ಯಾರೇಜಿನಲ್ಲಿ ಬ್ರೇಕ್ ಬಿಚ್ಚಿದಾಗ ಹತ್ತಿರ ನಿಂತು ನೋಡಿ, ಆದರೆ ಆ ಧೂಳನ್ನು ಬಾಯಿಂದ ಊದಬೇಡಿ. ಹಿಂದೆ ಪ್ಯಾಡುಗಳಲ್ಲಿ ಶ್ವಾಸಕೋಶಕ್ಕೆ ಮಾರಕವಾದ ಕಲ್ನಾರು ಇರುತ್ತಿತ್ತು. ಈಗಿನ ಧೂಳೂ ಒಳಗೆಳೆದುಕೊಳ್ಳುವಂಥದ್ದಲ್ಲ.

ಹಳೆಯ ಪ್ಯಾಡುಗಳನ್ನು ತರಗತಿಗೆ ತಂದೆ. ಕೀಲೆಣ್ಣೆಯ ಹುಡುಗನೇ ಸ್ಕೇಲು ಹಿಡಿದು ಅಳೆದ. ಹೊರಗಿನದು 4 ಮಿ.ಮೀ., ಒಳಗಿನದು ಸೊನ್ನೆ. ಉಕ್ಕಿನ ನಾಲಿಗೆಯನ್ನು ಬೆರಳಿಂದ ಟಣ್ ಎನಿಸಿ ನನ್ನ ಮುಖ ನೋಡಿದ: "ಸಾ, ಇದು ಎರಡು ವಾರದಿಂದ ಕೂಗ್ತಾನೇ ಇತ್ತಲ್ವಾ?"