ತೊಲೆಯಿಂದ ಕಾಣಿಕೆ: ಶ್ವೇತಭವನದ ಹಳೆಯ ಮರ

ಐತಿಹಾಸಿಕ ಕಟ್ಟಡವೊಂದರಿಂದ ಕಳಚಿದ ತೊಲೆ, ಜಂತೆ, ಹಲಗೆಗಳಲ್ಲಿ ಡಬ್ಬಿ, ಊರುಗೋಲು, ಚೌಕಟ್ಟುಗಳನ್ನು ಮಾಡಿಸಿ ನೆನಪಿಗೆ ಇಟ್ಟುಕೊಳ್ಳುವ ರೂಢಿ ಇಂಗ್ಲೆಂಡ್ ಮತ್ತು ಅಮೆರಿಕಗಳಲ್ಲಿ ಬಹುಕಾಲದಿಂದ ಇದೆ. 1831ರಲ್ಲಿ ಹೊಸ ಸೇತುವೆ ಬಳಕೆಗೆ ಬಂದ ಮೇಲೆ ಲಂಡನ್ನಿನ ಹಳೆಯ ಸೇತುವೆಯನ್ನು ಕೆಡವಲಾಯಿತು. ಅದರ ಬುಡದಲ್ಲಿದ್ದ ಎಲ್ಮ್ ಮರದ ಕಂಬಗಳು ನಶ್ಯದ ಡಬ್ಬಿಗಳಾದವು. ವೆಸ್ಟ್‌ಮಿನ್‌ಸ್ಟರ್ ಹಾಲ್‌ನ ಚಾವಣಿಯ ಓಕ್ ತೊಲೆಗಳನ್ನು ಕೊರಕ ಹುಳು ತಿಂದು ಟೊಳ್ಳು ಮಾಡಿತ್ತು. 1914ರಿಂದ 1923ರವರೆಗೆ ದುರಸ್ತಿ ನಡೆದಾಗ ಹೊರಬಂದ ಮರವೂ ಕಾಣಿಕೆಗಳಾಗಿ ಮನೆಮನೆ ಸೇರಿತು. ಸರ್ಕಾರವೇ ಮುಂದೆ ನಿಂತು ಇಂಥ ಹಂಚಿಕೆಯನ್ನು ಅಚ್ಚುಕಟ್ಟಾಗಿ ನಡೆಸಿದ್ದಕ್ಕೆ ವಾಷಿಂಗ್ಟನ್ನಿನ ಶ್ವೇತಭವನ ಒಳ್ಳೆಯ ಉದಾಹರಣೆ.

ಶ್ವೇತಭವನಕ್ಕೆ ಅಡಿಗಲ್ಲು ಬಿದ್ದದ್ದು 1792ರಲ್ಲಿ. 1814ರ ಆಗಸ್ಟ್‌ನಲ್ಲಿ ಬ್ರಿಟಿಷ್ ಸೈನಿಕರು ಹಚ್ಚಿದ ಬೆಂಕಿಗೆ ಒಳಭಾಗವೆಲ್ಲ ಸುಟ್ಟು, ಕಲ್ಲಿನ ಹೊರಗೋಡೆಗಳು ಮಾತ್ರ ಉಳಿದವು. ಮೊದಲು ನಕ್ಷೆ ಬರೆದಿದ್ದ ವಾಸ್ತುಶಿಲ್ಪಿ ಜೇಮ್ಸ್ ಹೋಬನ್ ಅವರೇ ಅದನ್ನು ಮತ್ತೆ ಕಟ್ಟಿಸಿದರು. 1817ರಲ್ಲಿ ಅಧ್ಯಕ್ಷ ಜೇಮ್ಸ್ ಮನ್ರೋ ಅಲ್ಲಿ ವಾಸಕ್ಕೆ ಬಂದರು. ಮುಂದೆ ಕಾಣಿಕೆಗಳಾದ ಪೈನ್ ತೊಲೆಗಳು ಈ ಎರಡನೆಯ ಕಟ್ಟುವಿಕೆಯ ಕಾಲದವು.

ನೂರಮೂವತ್ತು ವರ್ಷ ಆ ತೊಲೆಗಳು ಭಾರ ಹೊತ್ತವು. ನೀರಿನ ಕೊಳವೆ, ಅನಿಲದ ಕೊಳವೆ, ವಿದ್ಯುತ್ ತಂತಿ ಎಂದು ಹೊಸ ಸೌಲಭ್ಯ ಬಂದಾಗಲೆಲ್ಲ ಅವುಗಳನ್ನು ಕೊರೆದು, ಕಚ್ಚು ಮಾಡಲಾಯಿತು. 1927ರಲ್ಲಿ ಮೂರನೆಯ ಅಂತಸ್ತನ್ನು ಉಕ್ಕು, ಕಾಂಕ್ರೀಟುಗಳಿಂದ ಕಟ್ಟಿದ್ದರಿಂದ ಹೊರೆ ಇನ್ನಷ್ಟು ಹೆಚ್ಚಿತು. 1948ರಲ್ಲಿ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರ ಮಗಳ ಪಿಯಾನೊದ ಕಾಲು ನೆಲದ ಹಲಗೆ ಮುರಿದು ಕೆಳಗಿಳಿಯಿತು. ಕುಟುಂಬ ಎದುರಿನ ಬ್ಲೇರ್ ಹೌಸ್‌ಗೆ ಹೋಗಬೇಕಾಯಿತು. 1949ರ ಕೊನೆಯಲ್ಲಿ ಕೆಲಸ ಆರಂಭವಾಯಿತು. ಹೊರಗೋಡೆಗಳನ್ನು ಉಳಿಸಿಕೊಂಡು ಒಳಗನ್ನು ಪೂರ್ತಿ ಬರಿದುಮಾಡಿ, ಉಕ್ಕಿನ ಚೌಕಟ್ಟು ನಿಲ್ಲಿಸಲಾಯಿತು. ಟ್ರೂಮನ್ 1952ರ ಮಾರ್ಚ್ 27ರಂದು ಮರಳಿ ಬಂದರು.

ಕಳಚಿದ ಸಾಮಗ್ರಿಗೆ ಜನರಿಂದ ಬೇಡಿಕೆ ಬಂತು. ನವೀಕರಣದ ಹೊಣೆ ಹೊತ್ತ ಆಯೋಗ ಮರ, ಇಟ್ಟಿಗೆ, ಕಲ್ಲು, ಮೊಳೆಗಳನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ವಿಂಗಡಿಸಿ ಅಂಚೆಯಲ್ಲಿ ಕಳಿಸುವ ಏರ್ಪಾಡು ಮಾಡಿತು. ಬೆಲೆ 25 ಸೆಂಟ್‌ಗಳಿಂದ 100 ಡಾಲರ್‌ವರೆಗೆ ಇತ್ತು. ಲಾಭ ಗಳಿಸುವುದಕ್ಕಿಂತ, ದೇಶದ ಮನೆಯ ಒಂದು ಚೂರು ಸಾಮಾನ್ಯರ ಕೈಗೂ ಎಟುಕಬೇಕೆಂಬುದು ಈ ಏರ್ಪಾಡಿನ ಆಶಯವಾಗಿತ್ತು. ಸಭೆಯ ಅಧ್ಯಕ್ಷರು ಮೇಜು ಕುಟ್ಟುವ ಮರದ ಸುತ್ತಿಗೆಯೊಂದನ್ನು ಕಡೆಯಲು ಸಾಲುವಷ್ಟು ಪೈನ್ ತುಂಡು ಅಂಥ ಪೊಟ್ಟಣಗಳಲ್ಲಿ ಒಂದು. ಆ ಮರವನ್ನು ಬೇಕಾದ ರೂಪಕ್ಕೆ ತರುವುದು ಕೊಂಡವರ ಕೈಕೆಲಸ. ಕಲ್ಲುಕುಟಿಗರ ಗುರುತುಗಳಿದ್ದ ಕಲ್ಲುಗಳನ್ನು ಟ್ರೂಮನ್ ಬೇರೆ ಬೇರೆ ರಾಜ್ಯಗಳ ಮೇಸನ್ ಸಂಘಗಳಿಗೆ ಕಳುಹಿಸಿಕೊಟ್ಟರು.

ಪೊಟ್ಟಣದ ಜೊತೆಗೆ ಒಂದು ಚಿಕ್ಕ ಲೋಹದ ಫಲಕವೂ ಬರುತ್ತಿತ್ತು. ಇದು ಶ್ವೇತಭವನದ ಮೂಲ ಸಾಮಗ್ರಿ, 1950ರಲ್ಲಿ ತೆಗೆದದ್ದು ಎಂಬ ಒಕ್ಕಣೆ ಅದರ ಮೇಲಿತ್ತು. ಇಂಥ ಕಾಣಿಕೆಗಳ ಜೀವ ಇರುವುದು ಈ ಗುರುತಿನಲ್ಲೇ. ಹಳೆಯ ಪೈನ್ ತುಂಡು ಯಾವ ಊರಿನ ಹಳೆಯ ಮನೆಯಲ್ಲಾದರೂ ಸಿಕ್ಕೀತು. ಎಲ್ಲಿಂದ, ಯಾವಾಗ, ಯಾರು ತೆಗೆದರು ಎಂಬ ದಾಖಲೆ ತಪ್ಪಿಹೋದರೆ ಅದೂ ಬರಿಯ ಮರವೇ. ಆದ್ದರಿಂದ ಫಲಕ, ಪತ್ರ, ಲಕೋಟೆಗಳನ್ನು ವಸ್ತುವಿನೊಂದಿಗೇ ಕಾಪಾಡಿಕೊಳ್ಳಬೇಕು; ಮರವನ್ನು ಹೊಳಪಿಗಾಗಿ ಉಜ್ಜಿ ಮೊಳೆತೂತು, ಗರಗಸದ ಗೀರುಗಳನ್ನು ಅಳಿಸಬಾರದು. ಅವು ಬಡಗಿಯ ಕೈ ಬಿಟ್ಟುಹೋದ ಸಾಕ್ಷಿಗಳು.

ಹಳೆಯ ತೊಲೆಗಳಲ್ಲಿ ಕೆಲವನ್ನು ಸೀಳಿ ಶ್ವೇತಭವನದ ಗ್ರಂಥಾಲಯದ ಗೋಡೆಗಳಿಗೆ ಹಲಗೆ ಹೊದಿಸಲಾಯಿತು. ಈಗ ಮೇಲೆ ಬಣ್ಣವಿದ್ದರೂ ಅಡಿಯಲ್ಲಿರುವುದು ಹೋಬನ್ ಕಾಲದ ಮರ. ಆದರೆ ಒಳಗಿನಿಂದ ಕಿತ್ತ ಹಲಗೆ, ಗಾರೆ, ಅಲಂಕಾರದ ಪಟ್ಟಿಗಳಲ್ಲಿ ಬಹಳಷ್ಟು ಫೋರ್ಟ್ ಮೈಯರ್ ಸೇನಾನೆಲೆಯಲ್ಲಿ ಮಣ್ಣು ಸೇರಿತು. ಉಳಿಸಿಕೊಳ್ಳಬಹುದಾಗಿದ್ದ ಕುಶಲಕೆಲಸ ಹೀಗೆ ಹೋದದ್ದು ದೊಡ್ಡ ನಷ್ಟ. ಅದರ ಜೊತೆಗೆ ಮಣ್ಣು ಸೇರಬಹುದಾಗಿದ್ದ ತುಂಡುಗಳು ಫಲಕ ಹೊತ್ತು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲೂ ಮನೆಗಳಲ್ಲೂ ಉಳಿದಿವೆ.