ಊರ ಸುದ್ದಿ ಯಾರ ಬಾಯಲ್ಲಿ ಹರಡುತ್ತದೆ?



ಒಬ್ಬ ರೈತ ಹೊಸ ತಳಿಯ ತೊಗರಿ ಬಿತ್ತುತ್ತಾನೆ. ಮರುವರ್ಷ ನೆರೆಯವನೂ ಅದನ್ನೇ ಬಿತ್ತುತ್ತಾನೆ. ನೋಡಿ ಕಲಿತನೋ, ಇಬ್ಬರ ಮಣ್ಣು ಮಳೆ ಒಂದೇ ಆದ್ದರಿಂದಲೋ? ಬರೀ ಎಣಿಕೆಯಿಂದ ಇದು ತಿಳಿಯದು. ಆದ್ದರಿಂದ ಸಂಶೋಧಕರು ಚೀಟಿ ಎತ್ತಿ ಹಳ್ಳಿಗಳನ್ನು ಗುಂಪು ಮಾಡುತ್ತಾರೆ. ಆಗ ಗುಂಪುಗಳು ಉಳಿದೆಲ್ಲದರಲ್ಲೂ ಹೆಚ್ಚುಕಡಿಮೆ ಸಮನಾಗಿದ್ದು, ವ್ಯತ್ಯಾಸದ ಕಾರಣ ಸಿಗುತ್ತದೆ.

ಅಭಿಜಿತ್ ಬ್ಯಾನರ್ಜಿ, ಎಸ್ತೇರ್ ಡುಫ್ಲೊ ಮತ್ತು ಸಂಗಡಿಗರು ಕರ್ನಾಟಕದ 213 ಹಳ್ಳಿಗಳಲ್ಲಿ ಹೀಗೆಯೇ ಪರೀಕ್ಷಿಸಿದರು. ಫೋನ್ ಮಾಡಿದವರಿಗೆ ಬಹುಮಾನವಿದೆ ಎಂಬ ಸುದ್ದಿಯನ್ನು ಪ್ರತಿ ಹಳ್ಳಿಯಲ್ಲೂ ಕೆಲವರಿಗಷ್ಟೇ ಹೇಳಿದರು. ಒಂದು ಗುಂಪಿನ ಹಳ್ಳಿಗಳಲ್ಲಿ ಚೀಟಿಯಲ್ಲಿ ಬಂದವರಿಗೆ, ಇನ್ನೊಂದರಲ್ಲಿ ಊರ ಹಿರಿಯರಿಗೆ, ಮತ್ತೊಂದರಲ್ಲಿ 'ಇವರು ಸುದ್ದಿ ಚೆನ್ನಾಗಿ ಹರಡುತ್ತಾರೆ' ಎಂದು ಊರವರೇ ಹೆಸರಿಸಿದವರಿಗೆ. ಹಳ್ಳಿಯೊಂದಕ್ಕೆ ಸರಾಸರಿ ಬಂದ ಕರೆಗಳು: ಚೀಟಿಯವರಿಂದ ಸುಮಾರು 8, ಹಿರಿಯರಿಂದ 7, ಊರವರು ಹೆಸರಿಸಿದವರಿಂದ ಸುಮಾರು 12!

ಹರಿಯಾಣದಲ್ಲಿ ಇಂಥವರ ಮೂಲಕ ಲಸಿಕೆಯ ಸುದ್ದಿ ತಿಳಿಸಿದಾಗ, ಚೀಟಿಯವರ ಹಳ್ಳಿಗಳಿಗಿಂತ ಲಸಿಕೆ ಪಡೆದ ಮಕ್ಕಳು ಶೇಕಡಾ 20ಕ್ಕೂ ಹೆಚ್ಚು. ಈ ಅಧ್ಯಯನ 2019ರಲ್ಲಿ ಪ್ರಕಟವಾಯಿತು.

ನಾನೂ ಇಂತಹ ಸುದ್ದಿಯನ್ನು ಹಿರಿಯರಿಗೆ ಹೇಳಿ ಕೆಲಸ ಮುಗಿಯಿತೆಂದುಕೊಳ್ಳುತ್ತಿದ್ದೆ. ಹಿರಿಯರಿಗೆ ಗೌರವ ಸಲ್ಲಲೇಬೇಕು. ಆದರೆ ಸುದ್ದಿ ತಲುಪದೆ ಒಂದು ಮಗುವಿಗೆ ದಡಾರದ ಲಸಿಕೆ ತಪ್ಪಿದರೆ, ಆ ನಷ್ಟ ಯಾರದು?

ಗುಂಡುಮಾಲಿನ ಪ್ರತಿ ಓಣಿಯಲ್ಲೂ, ಎಲ್ಲರೂ ನಿಂತು ಮಾತಾಡಿಸುವ ಒಬ್ಬ ತಾಯಿ ಇದ್ದೇ ಇರುತ್ತಾಳೆ. ಮುಂದಿನ ಲಸಿಕೆಯ ದಿನವನ್ನು ಮೊದಲು ಅವಳಿಗೆ ತಿಳಿಸಿ. ಅವಳ ದಾರಿಗೂ ಸಿಗದ, ಹೊಲದಂಚಿನ ಮನೆಗೆ ನೀವೇ ಹೋಗಿ ಹೇಳಿ.